ಕೊಟ್ಟಿಗೆಯಲ್ಲಿ ಸಿಕ್ಕ ಹೊಸ ಗಾಡಿ

"ಲೋ ಅಯೋಗ್ಯ! ನಲವತ್ತು ವರ್ಷ ಹುಲ್ಲಿನ ಕೆಳಗೆ ಬಿದ್ದಿದ್ದ ಗಾಡಿಗೆ ಫೋನ್ ಚಾರ್ಜ್ ಮಾಡೋ ತೂತು ಎಲ್ಲಿಂದ ಬಂತೋ? ಇಲಿ ಕೊರೀತೇನೋ?"

"ಭಾವ, ಸ್ವಲ್ಪ ಮೆಲ್ಲಗೆ. ವರ್ನಾ ಹೊರಗೆ ಕಾರಲ್ಲಿ ಕೂತಿದಾಳೆ."

"ಕೂತಿರ್ಲಿ! ಒಳಗೇ ಬರ್ಲಿ! ಅವಳ ಗಂಡ ಎಂಥ ಸುಳ್ಳುಬುರುಕ ಅಂತ ಅವಳೂ ಕೇಳ್ಲಿ!"

"ನಿಮ್ಮ ಕಾಲು ಹಿಡ್ಕೋತೀನಿ ಭಾವ."

"ಕಾಲು ಬಿಡು. ಆ ಸ್ಪ್ಯಾನರ್ ಕೊಡು. ನಿನ್ನ ತಲೆಗೆ ಹಾಕ್ತೀನಿ."

ಅವನು ಸ್ಪ್ಯಾನರ್ ಕೊಟ್ಟೇಬಿಟ್ಟ. ಡಬ್ಬಿಯಲ್ಲಿ ಹುಡುಕಿ, ಒರೆಸಿ, ಹಿಡಿ ನನ್ನ ಕಡೆ ಬರುವ ಹಾಗೆ ತಿರುಗಿಸಿ ಕೊಟ್ಟ. ನನ್ನ ಷಡ್ಡಕ ಡೆಲ್ಮರ್ ಅಂದರೆ ಇಷ್ಟೇ. ಹೊಡೆಯುತ್ತೇನೆ ಅಂದವನ ಕೈಗೆ ಸ್ಪ್ಯಾನರ್ ಕೊಡುವವನನ್ನು ಹೊಡೆಯುವುದು ಹೇಗೆ? ನಾನು ಅದರಿಂದ ಬೆಂಚಿಗೆ ಒಂದು ಏಟು ಕೊಟ್ಟು ಸುಮ್ಮನಾದೆ. ಬೆಂಚಿನ ಮೇಲಿದ್ದ ನನ್ನ ಕಾಫಿ ಚೆಲ್ಲಿತು. ಅದನ್ನೂ ಅವನೇ ಒರೆಸಿದ.

ನನ್ನ ಹೆಸರು ವೆಂಡೆಲ್. ವಿಸ್ಕಾನ್ಸಿನ್ನಿನ ಎಲ್ಕ್ ಪ್ರೇರಿಯಲ್ಲಿ ಮೋಟಾರ್‌ಸೈಕಲ್ಲು, ಹುಲ್ಲು ಕತ್ತರಿಸುವ ಯಂತ್ರ, ಹಿಮದ ಗಾಡಿ ರಿಪೇರಿ ಮಾಡುತ್ತೇನೆ. ಒಂದೇ ಕೋಣೆಯ ಶಾಲೆಯಲ್ಲಿ ಎಂಟನೆಯ ತರಗತಿಯವರೆಗೆ ಓದಿದ್ದೇನೆ. ನೆಟ್ಟು ಬೋಲ್ಟು ಬಿಗಿಯಲು ಅಷ್ಟು ಸಾಕು. ನನ್ನ ಹೆಂಡತಿ ಅರ್ಡಿಸ್ ಅಕ್ಕ, ಡೆಲ್ಮರನ ಹೆಂಡತಿ ವರ್ನಾ ತಂಗಿ. ಇಬ್ಬರ ಅಪ್ಪ ಆನ್ಸ್‌ಗರ್ ಟ್ವೆಟ್. ಎಂಬತ್ತಮೂರು ವರ್ಷ. ನಲವತ್ತು ವರ್ಷ ಹಾಲಿನ ಲಾರಿ ಓಡಿಸಿದವರು. ಮಾತು ಕಡಿಮೆ. ಆಡುವ ನಾಲ್ಕು ಮಾತಿನಲ್ಲಿ ಮೂರು ಹವಾಮಾನದ್ದು, ಇನ್ನೊಂದು ಬೈಗಳ.

ಈ ಮಾವನ ಶೆಡ್ಡಿನಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ 1951ರ ಮೋಟಾರ್‌ಸೈಕಲ್ಲು ಒಂದಿದೆ. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಬೆಲೆ ಕೇಳುತ್ತೀರಿ. ಒಂಬತ್ತು ವರ್ಷದಿಂದ ಮಾವ ಅದನ್ನು ಓಡಿಸಿಲ್ಲ. ಅದು ಕಾಲಿನಿಂದ ಒದ್ದು ಶುರು ಮಾಡುವ ಗಾಡಿ, ಮಾವನ ಬಲಮಂಡಿ ಹೋಗಿದೆ. ಆದರೂ ದಿನಾ ಬೆಳಿಗ್ಗೆ ಶೆಡ್ಡಿಗೆ ಹೋಗಿ ಅದರ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಹನ್ನೊಂದು ವರ್ಷದ ಹಿಂದೆ, ಕುಟುಂಬದವರೆಲ್ಲ ಟರ್ಕಿ ಕೋಳಿ ತಿನ್ನುತ್ತಾ ಕೂತಿದ್ದ ಹಬ್ಬದ ದಿನ, ಕೋಳಿಯ ಕಾಲನ್ನು ಕೈಯಲ್ಲಿ ಎತ್ತಿ ಹಿಡಿದು ಅವರು ಘೋಷಿಸಿದ್ದರು:

"ಸತ್ತ ಹಳೇ ಗಾಡಿ ಒಂದನ್ನ ಯಾವ ಅಳಿಯ ತನ್ನ ಕೈಯಾರೆ ಬದುಕಿಸಿ ತೋರಿಸ್ತಾನೋ, ನನ್ನ ಗಾಡಿ ಅವನಿಗೆ."

ಇಬ್ಬರು ಅಳಿಯಂದಿರಲ್ಲಿ ಒಬ್ಬ ಮೆಕ್ಯಾನಿಕ್ಕು, ಇನ್ನೊಬ್ಬ ಶಾಲಾ ಬಸ್ಸಿನ ಡ್ರೈವರು, ಬಲ್ಬು ಬದಲಾಯಿಸಲು ನನ್ನನ್ನು ಕರೆಯುವವನು. ಗಾಡಿ ನನಗೇ ಅಂತ ಯಾರಾದರೂ ಹೇಳುತ್ತಾರೆ. ಮಾರನೆಯ ದಿನವೇ ನಾನೊಂದು ಸತ್ತ ಗಾಡಿ ತಂದು ಕೆಲಸ ಶುರು ಮಾಡಿದೆ. ಹನ್ನೊಂದು ವರ್ಷವಾಯಿತು. ಇನ್ನೂ ಬದುಕಿಲ್ಲ. ಒಂದು ಭಾಗ ಬರಬೇಕಿದೆ.

ಇಂಥ ಹೊತ್ತಿನಲ್ಲಿ ಮೇ ತಿಂಗಳ ಒಂದು ದಿನ ಡೆಲ್ಮರ್ ಲಾ ಕ್ರಾಸ್ ಪೇಟೆಗೆ ಹೋದ. ಹೋದದ್ದು ಮನೆಗೆ ನೀರು ಕಾಯಿಸುವ ಬಾಯ್ಲರ್ ತರಲು. ಬಾಯ್ಲರ್ ಅಂಗಡಿಯ ಪಕ್ಕದಲ್ಲೇ ಮೋಟಾರ್‌ಸೈಕಲ್ ಅಂಗಡಿ ಇತ್ತು. ಗಾಜಿನ ಹಿಂದೆ ಹಳೇ ನಮೂನೆಯ ಹೊಸ ಗಾಡಿ ನಿಂತಿತ್ತು. ಹಸಿರು ಬಣ್ಣ, ಹನಿಯ ಆಕಾರದ ಪೆಟ್ರೋಲ್ ಟ್ಯಾಂಕು, ಅದರ ಮೇಲೆ ಕೈಯಿಂದ ಎಳೆದ ಚಿನ್ನದ ಗೆರೆ, ದುಂಡು ದೀಪ. ಟ್ಯಾಂಕಿನ ಮೇಲೆ ಮಾವನ ಗಾಡಿಯ ಮೇಲಿದ್ದ ಅದೇ ಹೆಸರು. ಇಂಗ್ಲೆಂಡಿನ ಆ ಕಾರ್ಖಾನೆ ಎಂದೋ ಮುಚ್ಚಿತು. ಹೆಸರು ಮಾತ್ರ ಇಂಡಿಯಾಕ್ಕೆ ಹೋಗಿ ಬದುಕಿಕೊಂಡು, ಮದರಾಸಿನ ಕಡೆ ಗಾಡಿಗಳನ್ನು ಹೆರುತ್ತಲೇ ಇತ್ತು.

"ನೋಡೋಕೆ ನಿಮ್ಮ ಅಜ್ಜನ ಗಾಡಿ ಥರ ಇರುತ್ತೆ ಸಾರ್," ಅಂದನಂತೆ ಅಂಗಡಿಯವನು, "ಒಂದೇ ವ್ಯತ್ಯಾಸ. ಇದು ನಿಮ್ಮನ್ನ ವಾಪಸ್ ಮನೆಗೂ ಕರ್ಕೊಂಡ್ ಬರುತ್ತೆ."

ಡೆಲ್ಮರನ ಅಜ್ಜ ಕೊನೆಯವರೆಗೂ ಹೇಸರಗತ್ತೆಯ ಮೇಲೆ ಓಡಾಡಿದವನು. ಆದರೂ ಡೆಲ್ಮರನ ಕಣ್ಣು ಒದ್ದೆಯಾಯಿತು. ಬಾಯ್ಲರಿನ ದುಡ್ಡು ಮುಂಗಡವಾಯಿತು.

ಮನೆಯ ಅಂಗಳದಲ್ಲಿ ವರ್ನಾ ಕೂದಲು ಗುಂಗುರಾಗಲು ತಲೆಗೆ ಸುರುಳಿ ಕಟ್ಟಿಕೊಂಡು ನಿಂತಿದ್ದಳು. ತಣ್ಣೀರಿನಲ್ಲಿ ತಲೆ ತೊಳೆದುಕೊಂಡವಳ ಮುಖ ಹೇಗಿರುತ್ತದೆ ಅಂತ ನಿಮಗೆ ಗೊತ್ತಿರಬಹುದು.

"ಏನ್ರೀ ಇದು?"

"ಸಿಕ್ತು."

"ಎಲ್ಲಿ?"

ಡೆಲ್ಮರನಿಗೆ ಸುಳ್ಳು ಹೇಳುವ ಅಭ್ಯಾಸ ಇರಲಿಲ್ಲ. ಅಭ್ಯಾಸ ಇದ್ದಿದ್ದರೆ ಸಣ್ಣದೊಂದು ಹೇಳಿ ಮುಗಿಸುತ್ತಿದ್ದ.

"ಕೊಟ್ಟಿಗೇಲಿ. ವೆಸ್ಟ್‌ಬಿ ಆಚೆ. ಒಬ್ಬ ವಿಧವೆ. ಹುಲ್ಲಿನ ಕೆಳಗಿತ್ತು. ತಗೊಂಡು ಹೋಗಪ್ಪ ಅಂದ್ಳು. ಪುಕ್ಕಟೆ. ಬಾಯ್ಲರಿಗೆ ದುಡ್ಡು ಕಟ್ಟಿ ಬಂದಿದೀನಿ, ಬರುತ್ತೆ."

ಬೇರೆ ಕಡೆ ಇದನ್ನು ಯಾರೂ ನಂಬುವುದಿಲ್ಲ. ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ನಮ್ಮ ಜಿಲ್ಲೆಯ ಪ್ರತಿಯೊಬ್ಬ ಗಂಡಸಿನ ಮನಸ್ಸಿನಲ್ಲೂ ಒಂದು ಕೊಟ್ಟಿಗೆ ಇದೆ. ಅದರಲ್ಲಿ ಹುಲ್ಲು, ಹುಲ್ಲಿನ ಕೆಳಗೆ ಟಾರ್ಪಾಲು, ಟಾರ್ಪಾಲಿನ ಕೆಳಗೆ ಹಳೇ ಮೋಟಾರ್‌ಸೈಕಲ್ಲು. ಅದನ್ನು ಒಬ್ಬ ವಿಧವೆ ಪುಕ್ಕಟೆ ಕೊಡುತ್ತಾಳೆ. ಸ್ವರ್ಗದ ಬಗ್ಗೆ ಪಾದ್ರಿ ಹೇಳುವುದಕ್ಕಿಂತ ನಾವು ಇದನ್ನು ಹೆಚ್ಚು ನಂಬುತ್ತೇವೆ.

"ಅಯ್ಯೋ ಪಾಪ," ಅಂದಳು ವರ್ನಾ. "ಆ ವಿಧವೆಗೆ ಏನಾದ್ರೂ ಮಾಡಿ ಕಳಿಸ್ಬೇಕು."

ಆ ಸಂಜೆಯೇ ನಿಂಬೆಹಣ್ಣಿನ ಸಿಹಿ ಮಾಡಿ, ತಗಡಿನ ತಟ್ಟೆಯಲ್ಲಿಟ್ಟು, ಗಂಡನ ಕೈಗೆ ಕೊಟ್ಟಳು. ಡೆಲ್ಮರ್ ವೆಸ್ಟ್‌ಬಿಯ ರಸ್ತೆಯಲ್ಲಿ ಒಂದು ಮರದ ಕೆಳಗೆ ನಿಂತು ಇಪ್ಪತ್ತನಾಲ್ಕು ತುಂಡನ್ನೂ ತಿಂದ. ತಟ್ಟೆ ಖಾಲಿ ಬಂದದ್ದು ನೋಡಿ ವರ್ನಾಗೆ ಸಂತೋಷವಾಯಿತು. ಮುಂದಿನ ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುವಾಗ ಉಳಿದ ಹೆಂಗಸರಿಗೂ ಹೇಳಿದಳು. ಚರ್ಚಿನಲ್ಲಿ ಹೆಂಗಸರು ಹದಿನಾಲ್ಕು ಜನ. ಒಬ್ಬೊಬ್ಬಳು ಒಂದೊಂದು ದಿನ. ಆಲೂಗಡ್ಡೆ, ಕೋಳಿ, ಅಣಬೆ ಸಾರು ಹಾಕಿ ಬೇಯಿಸಿದ ದೊಡ್ಡ ದೊಡ್ಡ ಪಾತ್ರೆಗಳು. ಪಾದ್ರಿಗಳು ವೇದಿಕೆಯಿಂದ, "ವೆಸ್ಟ್‌ಬಿಯ ಆಚೆ ಒಂಟಿಯಾಗಿರುವ ನಮ್ಮ ಆ ಸೋದರಿಗಾಗಿ" ಅಂತ ಪ್ರಾರ್ಥನೆ ಮಾಡಿಸಿದರು. ಡೆಲ್ಮರನೂ ತಲೆ ಬಗ್ಗಿಸಿ ಆಮೆನ್ ಅಂದ. ಮೂರು ವಾರದಲ್ಲಿ ಅವನ ಬೆಲ್ಟಿಗೆ ನಾನೇ ನನ್ನ ಅಂಗಡಿಯಲ್ಲಿ ಎರಡು ಹೊಸ ತೂತು ಹಾಕಿಕೊಟ್ಟೆ.

ಈ ತೂತು ಹಾಕುವ ದಿನವೇ ನಾನು ಗಾಡಿಯನ್ನು ಮೊದಲು ನೋಡಿದ್ದು, ಫೋನಿನ ತೂತು ಕಂಡದ್ದು, ಮೇಲೆ ಹೇಳಿದ ಜಗಳ ಆದದ್ದು.

"ಹೋಗಿ ಮಾವಂಗೆ ನಿಜ ಹೇಳು," ಅಂದೆ.

"ಹೇಗ್ ಹೇಳ್ಲಿ ಭಾವ? ನಿನ್ನೆ ಮಾವ ನಮ್ಮನೆಗೆ ಬಂದಿದ್ರು."

"ಬಂದು?"

ಅವನು ಒರೆಸಿದ್ದ ಬೆಂಚನ್ನೇ ಮತ್ತೆ ಒರೆಸಿದ. "ನನ್ನ ಹೆಸರು ಹಿಡಿದು ಕರೆದ್ರು."

ನೀವು ನಗಬಹುದು. ನನಗೆ ನಗು ಬರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಮಾವ ಅವನ ಹೆಸರು ಒಂದು ಸಲವೂ ಹೇಳಿದ್ದಿಲ್ಲ. "ವರ್ನಾಳ ಗಂಡ", "ಬಸ್ಸಿನವನು", ಇಲ್ಲವೇ "ಅಲ್ಲಿ ನಿಂತಿರೋನು". ಅವನ ಮದುವೆಯ ದಿನ ಅತಿಥಿಗಳ ಮುಂದೆ ಬಿಯರ್ ಲೋಟ ಎತ್ತಿ, "ವರ್ನಾಗೂ ಈ ಇವರಿಗೂ ಒಳ್ಳೇದಾಗ್ಲಿ" ಅಂದಿದ್ದರು. ಹಾಗಿರುವಾಗ ನಿನ್ನೆ ಅಂಗಳಕ್ಕೆ ಬಂದು, ಗಾಡಿಯ ಸುತ್ತ ಎರಡು ಸುತ್ತು ಕುಂಟಿಕೊಂಡು ಬಂದು, "ಶುರು ಮಾಡು" ಅಂದರಂತೆ. ಇವನು ಗುಂಡಿ ಒತ್ತಿದ. ಒಂದೇ ಸಲಕ್ಕೆ ಡಬ ಡಬ ಅಂತ ಶುರುವಾಯಿತು. ಮಾವ ಕಿವಿಗೊಟ್ಟು ಕೇಳಿ, "ಹ್ಞೂಂ" ಅಂದರಂತೆ. ಆಮೇಲೆ:

"ಸೋರುತ್ತಾ?"

"ಏನು ಮಾವ?"

"ಎಣ್ಣೆ. ಸೋರದ ಹಳೇ ಗಾಡಿ ನಾನು ಕಂಡಿಲ್ಲ. ಬರೋ ಶನಿವಾರ ಪ್ರದರ್ಶನಕ್ಕೆ ತಗೊಂಡ್ ಬಾ. ಕೆಳಗೆ ರಟ್ಟು ಇಡು. ರಟ್ಟು ನೋಡಿ ನನ್ನ ಗಾಡಿ ಯಾರಿಗೆ ಅಂತ ಹೇಳ್ತೀನಿ, ಡೆಲ್ಮರ್."

ಡೆಲ್ಮರ್! ನನ್ನ ಹನ್ನೊಂದು ವರ್ಷದ ಬೆವರು ಒಂದು ರಟ್ಟಿನ ಮೇಲೆ ನಿಂತಿತು.

ನಾನು ನೇರವಾಗಿ ಮನೆಗೆ ಹೋಗಿ ಅರ್ಡಿಸಳಿಗೆ ಹೇಳಿದೆ. ಅವಳು ಬಟ್ಟೆ ಮಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ನಿಮಗೆ ಹೊಟ್ಟೆಕಿಚ್ಚು."

"ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇದೆ ಕಣೆ! ಆ ಕಾಲದ ಗಾಡಿಗೆ ಡಿಸ್ಕ್ ಬ್ರೇಕಾ?"

"ಅವನೇ ಹಾಕಿರ್ಬೇಕು. ಕೈಲಿ ಕಸುಬು ಇರೋರು ಮೂರು ವಾರದಲ್ಲಿ ಮಾಡ್ತಾರೆ. ಕೆಲವರು ಹನ್ನೊಂದು ವರ್ಷ ತಗೋತಾರೆ."

ಪಕ್ಕದ ಮನೆಯವನಿಗೆ ಹೇಳಿದೆ. "ಹೋಗ್ಲಿ ಬಿಡೋ ವೆಂಡೆಲ್, ಅವನಿಗೂ ಒಂದು ಸಲ ಅದೃಷ್ಟ ಬರ್ಲಿ" ಅಂದ. ಪಾದ್ರಿಗಳಿಗೆ ಹೇಳಿದೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ಅಸೂಯೆ ಎಂಬ ಪಾಪದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿ, ಕೊನೆಗೆ ಹುಲ್ಲು ಕತ್ತರಿಸುವ ಯಂತ್ರ ರಿಪೇರಿಗೆ ಬಿಟ್ಟುಹೋದರು. ಇಡೀ ಊರಿನಲ್ಲಿ ನಿಜ ಗೊತ್ತಿದ್ದವನು ನಾನೊಬ್ಬ. ನನ್ನ ಮಾತಿಗೆ ಮೂರು ಕಾಸಿನ ಬೆಲೆ ಇರಲಿಲ್ಲ, ಯಾಕೆಂದರೆ ಮಾವನ ಗಾಡಿ ನನಗೂ ಬೇಕಿತ್ತು.

ಅಲ್ಲ, ನಾನೊಬ್ಬನೇ ಅಲ್ಲ. ಇನ್ನೊಬ್ಬಳಿಗೂ ಗೊತ್ತಿತ್ತು. ಜಿಲ್ಲಾ ಕಚೇರಿಯ ಕೌಂಟರಿನ ಬರ್ನಡೀನ್. ಹಳೇ ವಾಹನಗಳಿಗೆ ಸರ್ಕಾರ ಬೇರೆ ಬಣ್ಣದ ನಂಬರ್ ಫಲಕ ಕೊಡುತ್ತದೆ. ಪ್ರದರ್ಶನಕ್ಕೆ ಅದೂ ಇರಲಿ ಅಂತ ಡೆಲ್ಮರ್ ಹೋಗಿ ಸಾಲಿನಲ್ಲಿ ನಿಂತ. ಅವನ ಹಿಂದೆ ಎರಡನೆಯವನಾಗಿ, ಟೋಪಿ ಕಣ್ಣಿನ ತನಕ ಎಳೆದುಕೊಂಡು, ನಾನು ನಿಂತಿದ್ದೆ.

ಬರ್ನಡೀನ್ ಕಾಗದ ನೋಡಿದಳು. ಕನ್ನಡಕ ತೆಗೆದಳು. ಒರೆಸಿದಳು. ಮತ್ತೆ ನೋಡಿದಳು.

"ಈ ಗಾಡಿಗೆ ನಾಲ್ಕು ತಿಂಗಳು ವಯಸ್ಸು."

"ಅಚ್ಚಿನ ತಪ್ಪು ಇರ್ಬೇಕಮ್ಮ."

"ಎಷ್ಟು ವರ್ಷದ್ದು ತಪ್ಪು?"

"ಒಂದು... ಎಪ್ಪತ್ತು?"

"ಕನಿಷ್ಠ ಇಪ್ಪತ್ತು ವರ್ಷ ತುಂಬಿರ್ಬೇಕು. ಹತ್ತೊಂಬತ್ತು ವರ್ಷ ಎಂಟು ತಿಂಗಳು ಬಿಟ್ಟು ಬನ್ನಿ. ನಾನು ಆಗ ನಿವೃತ್ತಿ ಆಗಿರ್ತೀನಿ. ಮೇಜಿನಲ್ಲಿ ಚೀಟಿ ಬರೆದಿಟ್ಟು ಹೋಗ್ತೀನಿ. ಮುಂದಿನೋರು ಬನ್ನಿ."

"ಬರ್ನಡೀನ್," ಅಂದೆ ನಾನು ಟೋಪಿ ಎತ್ತಿ, "ಇದನ್ನ ನಮ್ಮ ಮಾವಂಗೆ ಒಂದು ಮಾತು ಹೇಳ್ತೀಯಾ?"

"ಕೌಂಟರಿನ ವಿಷಯ ಕೌಂಟರಿನಲ್ಲೇ ಇರುತ್ತೆ ವೆಂಡೆಲ್. ನಿನ್ನ ದೋಣಿಯ ಕಾಗದದ ವಿಷಯ ನಾನು ಯಾರಿಗಾದ್ರೂ ಹೇಳಿದೀನಾ?"

ಚಾಡಿ ಹೇಳದ ಹೆಂಗಸು ಇಡೀ ಜಿಲ್ಲೆಗೆ ಒಬ್ಬಳೇ. ಅವಳು ನನ್ನ ಪಾಲಿಗೆ ಬರಬೇಕೇ?

ಪ್ರದರ್ಶನ ಇದ್ದದ್ದು ಅಗ್ನಿಶಾಮಕ ಠಾಣೆಯ ಹಿಂದಿನ ಮೈದಾನದಲ್ಲಿ. ಬೆಳಿಗ್ಗೆ ಎಂಟಕ್ಕೇ ಹಳೇ ಗಾಡಿಗಳು ಸಾಲಾಗಿ ನಿಂತಿದ್ದವು. ಪ್ರತಿ ಗಾಡಿಯ ಕೆಳಗೂ ಒಂದೊಂದು ರಟ್ಟು. ಹುಲ್ಲು ಹಾಳಾಗದಿರಲಿ ಅಂತ ಶುರುವಾದ ಪದ್ಧತಿ, ಈಗ ಹುಲ್ಲಿಗಿಂತ ರಟ್ಟೇ ಮುಖ್ಯ. ಮುದುಕರು ಗಾಡಿಯ ಮುಖ ನೋಡುವುದಿಲ್ಲ. ಸೊಂಟ ಬಗ್ಗಿಸಿ ರಟ್ಟು ನೋಡುತ್ತಾರೆ. ಇದು ಗೇರಿನ ಪೆಟ್ಟಿಗೆಯದು, ಇದು ಸರಪಣಿಯದು, ಇದು ಇಂಜಿನ್ನಿನ ತಳದ್ದು ಅಂತ ಕಲೆ ನೋಡಿ ಜಾತಕ ಹೇಳುತ್ತಾರೆ.

ಡೆಲ್ಮರನ ರಟ್ಟು ನೋಡಿ ನಾನು ದಂಗಾದೆ. ನಡುವೆ ಅಂಗೈ ಅಗಲದ ಕಂದು ಕಲೆ. ಪಕ್ಕದಲ್ಲಿ ಎರಡು ಸಣ್ಣ ಕಲೆ. ಇಂಜಿನ್ನಿನ ತಳದಿಂದ ಇನ್ನೊಂದು ಹನಿ ತೂಗಾಡುತ್ತಿತ್ತು. ಎಷ್ಟು ಲಕ್ಷಣವಾಗಿತ್ತೆಂದರೆ ನಾನೇ ಒಂದು ಕ್ಷಣ ನಂಬಿದೆ.

"ಏನ್ ಮಾಡ್ದೆಯೋ?" ಅಂತ ಕಿವಿಯಲ್ಲಿ ಕೇಳಿದೆ.

"ಎಣ್ಣೆ ಸವರಿದೆ ಭಾವ."

"ಯಾವ ಎಣ್ಣೆ?"

ಅಷ್ಟರಲ್ಲಿ ಮೈದಾನದ ಆಚೆಯಿಂದ ಒಂದು ಬೆಕ್ಕು ಬಂದು ಗಾಡಿಯ ಪಕ್ಕ ಕೂತಿತು.

ಡೆಲ್ಮರ್ ಅಗ್ನಿಶಾಮಕ ಠಾಣೆಯ ಸ್ವಯಂಸೇವಕ. ಬೆಂಕಿಯ ಹತ್ತಿರ ಅವನನ್ನು ಯಾರೂ ಬಿಡುವುದಿಲ್ಲ. ಆದರೆ ಶುಕ್ರವಾರ ಸಂಜೆ ಠಾಣೆಯಲ್ಲಿ ಊರಿಗೆಲ್ಲ ಮೀನು ಕರಿದು ಬಡಿಸುವ ಊಟ ಇರುತ್ತದೆ. ಆ ಬಾಣಲೆಯ ಮುಂದೆ ನಿಲ್ಲುವವನು ಅವನೇ. ಹಿಂದಿನ ದಿನ ಶುಕ್ರವಾರ. ಮುನ್ನೂರು ಜನರಿಗೆ ಮೀನು ಕರಿದು ಕಪ್ಪಗೆ, ಮಂದವಾಗಿ, ಹೊಳೆಯುತ್ತಾ ಉಳಿದಿದ್ದ ಎಣ್ಣೆ ಅವನ ಕಣ್ಣಿಗೆ ಹಳೇ ಇಂಜಿನ್ ಎಣ್ಣೆಯ ಹಾಗೇ ಕಂಡಿತ್ತು.

ಎರಡನೆಯ ಬೆಕ್ಕು ಬಂತು. ಬೇಕರಿಯವರ ಬೂದು ಬೆಕ್ಕು.

"ಹುಶ್! ಹೋಗು!" ಅಂದ ಡೆಲ್ಮರ್.

ಒಂಬತ್ತೂವರೆಗೆ ಬಿಸಿಲು ಏರಿತು. ಏಳು ಬೆಕ್ಕಾದವು. ಜನ ಬೆಕ್ಕುಗಳನ್ನು ನೋಡಲು ಸೇರಿದರು. ವರ್ನಾ ಹೆಮ್ಮೆಯಿಂದ, "ಪ್ರಾಣಿಗಳಿಗೂ ಹಳೇದು ಯಾವುದು ಅಂತ ಗೊತ್ತಾಗುತ್ತೆ" ಅಂದಳು. ಚರ್ಚಿನ ಹೆಂಗಸರು ಹೌದು ಹೌದು ಅಂದರು. ಮಾವ ಮಡಚುವ ಕುರ್ಚಿ ಹಾಕಿಕೊಂಡು ಗಾಡಿಯ ಎದುರಿಗೇ ಕೂತು, ಊರುಗೋಲಿನ ಮೇಲೆ ಗದ್ದ ಇಟ್ಟು, ನೋಡುತ್ತಿದ್ದರು.

ಆಗ ತೀರ್ಪುಗಾರ ಗುಂಥರ್ ಬಾಕ್ ಬಂದ. ಕೈಯಲ್ಲಿ ಟಾರ್ಚು, ಕೋಲಿಗೆ ಕಟ್ಟಿದ ಕನ್ನಡಿ. ಈ ಗುಂಥರ್ ಮೂವತ್ತಾರು ವರ್ಷ ಚೀಸ್ ಪರೀಕ್ಷಕನಾಗಿದ್ದವನು. ಚೀಸಿನ ಗಟ್ಟಿಯನ್ನು ಮೂಗಿಗೆ ಹಿಡಿದು ಯಾವ ತಿಂಗಳದ್ದು, ಹಸು ಯಾವ ಗುಡ್ಡದ ಮೇಲೆ ಮೇಯ್ದಿತ್ತು ಅಂತ ಹೇಳುವ ಮನುಷ್ಯ. ಅವನು ಮೊಣಕಾಲೂರಿದ. ಬೆಕ್ಕುಗಳನ್ನು ಸರಿಸಿದ. ಕಲೆಗೆ ಬೆರಳು ಒತ್ತಿದ. ಬೆರಳನ್ನು ಮೂಗಿನ ಬಳಿ ತಂದ.

ಬೆಕ್ಕುಗಳೂ ಕತ್ತೆತ್ತಿ ಅವನ ಬೆರಳನ್ನೇ ನೋಡಿದವು.

"ಕಾಡ್ ಮೀನು," ಅಂದ ಗುಂಥರ್.

"ಏನು?" ಅಂದಳು ವರ್ನಾ.

"ಕಾಡ್ ಮೀನು. ಹಿಟ್ಟಿಗೆ ಬಿಯರ್ ಸೇರಿಸಿದಾರೆ. ನಿನ್ನೆ ಸಂಜೆಯದು." ಮತ್ತೊಮ್ಮೆ ಮೂಸಿದ. "ಎರಡನೇ ಬಾಣಲೆ. ಈರುಳ್ಳಿನೂ ಕರಿದಿದಾರೆ."

"ಆ ವಿಧವೆ ಕೊಟ್ಟಿಗೇಲಿ ಮೀನು ಇಟ್ಟಿದ್ರೇನೋ," ಅಂದ ಡೆಲ್ಮರ್. ಅವನ ಕಿವಿ ಎರಡೂ ಕೆಂಪಗೆ ದೀಪದ ಹಾಗೆ ಉರಿಯುತ್ತಿದ್ದವು.

ಅವನ ಗ್ರಹಚಾರಕ್ಕೆ ಅದೇ ಹೊತ್ತಿಗೆ ಹೆದ್ದಾರಿ ಪಕ್ಕದ ಮೋಟೆಲ್ಲಿನ ಮಾಲೀಕ ಹಸಮುಖ ಭಾಯಿ ಜನರನ್ನು ಸರಿಸಿಕೊಂಡು ಬಂದ. ಇಪ್ಪತ್ತೆರಡು ವರ್ಷದಿಂದ ನಮ್ಮೂರಿನವನೇ. ಚಳಿಗಾಲದಲ್ಲಿ ಮಾವನ ಜೊತೆ ಇಸ್ಪೀಟು ಆಡುವವನು ಅವನೊಬ್ಬನೇ, ಸೋತರೂ ಬಯ್ಯದವನು. ಗಾಡಿ ಕಂಡಕೂಡಲೆ ಎರಡೂ ಕೈ ಮೇಲೆತ್ತಿದ.

"ಅರೆ ವಾಹ್, ಡೆಲ್ಮರ್ ಭಾಯಿ! ಇದೇ ಗಾಡಿ, ಇದೇ ಹಸಿರು! ನನ್ನ ಅಣ್ಣನ ಮಗ ಹೋದ ದೀಪಾವಳಿಗೆ ರಾಜಕೋಟದಲ್ಲಿ ತಗೊಂಡ! ನೋಡಿ, ನೋಡಿ!"

ಫೋನು ಕೈಯಿಂದ ಕೈಗೆ ಹೋಯಿತು. ಅದರಲ್ಲಿ ಇದೇ ಗಾಡಿ, ಕೊರಳಿಗೆ ಚೆಂಡು ಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು, ಮೇಲೆ ಮೀಸೆ ತಿರುವಿದ ಹುಡುಗ.

"ಅವನಿಗೂ ಕೊಟ್ಟಿಗೇಲಿ ಸಿಕ್ಕಿದ್ದಾ?" ಅಂತ ಕೇಳಿದಳು ವರ್ನಾ. ದನಿ ತಣ್ಣೀರಿಗಿಂತ ತಣ್ಣಗಿತ್ತು.

"ಕೊಟ್ಟಿಗೆ? ಅಂಗಡೀಲಿ ತಾಯಿ! ಮೂರು ತಿಂಗಳು ಕಾದು ತಗೊಂಡ. ಅಲ್ಲಿ ಇದಕ್ಕೆ ಎಂಥ ಗತ್ತು ಗೊತ್ತಾ? ಪೊಲೀಸ್ ಇನ್‌ಸ್ಪೆಕ್ಟರ್ ಇದನ್ನೇ ಓಡಿಸ್ತಾನೆ. ಹಾಲಿನವನು ನಾಲ್ಕು ಕ್ಯಾನ್ ಕಟ್ಕೊಂಡು ಇದರಲ್ಲೇ ಬರ್ತಾನೆ. ಮದುಮಗ ಕುದುರೆ ಬಿಟ್ಟು ಇದರ ಮೇಲೆ ಬರ್ತಾನೆ. ಸದ್ದು ಸಾಲ್ದು ಅಂತ ಸೈಲೆನ್ಸರ್ ಬೇರೆ ಬದಲಾಯಿಸ್ತಾರೆ. ಬೀದಿ ಕೊನೇಲಿ ಬಂದ್ರೆ ಮನೇಲಿ ಪಾತ್ರೆ ಅಲ್ಲಾಡ್ಬೇಕು!"

"ಇಷ್ಟು ಚಿಕ್ಕ ಗಾಡಿಗಾ?" ಅಂದ ಯಾರೋ ಹಿಂದಿನಿಂದ. "ಇಲ್ಲಿ ಇದನ್ನ ಕಲಿಯೋರಿಗೆ ಕೊಡ್ತಾರಲ್ಲ."

ಹಸಮುಖ ಭಾಯಿಗೆ ನೋವಾಯಿತು. "ಚಿಕ್ಕದಾ? ನಮ್ಮಲ್ಲಿ ಇದರ ಮೇಲೆ ಐದು ಜನ ಕೂರ್ತಾರೆ! ನೀವು ಇಲ್ಲಿ ಇದನ್ನ ಮುದ್ದಾಗಿದೆ ಅಂತೀರಿ. ಮುದ್ದು! ನಮ್ಮಪ್ಪನ ಕಾಲದಿಂದ ಮೋಟಾರ್‌ಸೈಕಲ್ ಅಂದ್ರೆ ಹೀಗೇ ಇರೋದು. ಹಳೇ ನಮೂನೆ ಅಂತ ನಮಗೆ ಯಾರೂ ಹೇಳೇ ಇಲ್ಲ."

"ಇಂಗ್ಲೆಂಡಿನಲ್ಲಿ ಇದನ್ನ ಅಪ್ಪನ ನೆನಪಿಗೆ ತಗೋತಾರೆ," ಅಂದ ಗುಂಥರ್, ಬೆರಳು ಒರೆಸಿಕೊಳ್ಳುತ್ತಾ. "ಜಪಾನಿನಲ್ಲಿ ಭಾನುವಾರ ಒರೆಸಿ ಇಡೋಕೆ ತಗೋತಾರೆ. ನಮ್ಮಲ್ಲಿ ಹೆಂಡತಿಗೆ ಸುಳ್ಳು ಹೇಳೋಕೆ ತಗೋತಾರೆ."

ಜನ ನಕ್ಕರು. ವರ್ನಾ ನಗಲಿಲ್ಲ.

"ವಿಧವೆ?" ಅಂದಳು.

"ಇಲ್ಲ," ಅಂದ ಡೆಲ್ಮರ್.

"ಸತ್ತುಹೋದ್ಳಾ?"

"ಹುಟ್ಟೇ ಇಲ್ಲ."

"ಹಾಗಾದ್ರೆ ನನ್ನ ನಿಂಬೆ ಸಿಹಿ?"

"ತಿಂದೆ."

"ಇಪ್ಪತ್ನಾಲ್ಕೂ?"

"ಚೆನ್ನಾಗಿತ್ತು ಕಣೆ."

ಹದಿನಾಲ್ಕು ಹೆಂಗಸರ ಬಾಯಿ ಒಟ್ಟಿಗೆ ತೆರೆಯಿತು. ಗಾಡಿ ಹೊಸದಾದರೆ ಅವರಿಗೇನು? ಆದರೆ ಅಷ್ಟು ಪಾತ್ರೆ ಊಟ, ಮೂರು ಭಾನುವಾರದ ಪ್ರಾರ್ಥನೆ, ಒಬ್ಬಾಕೆ ಹೆಣೆಯುತ್ತಿದ್ದ ಉಣ್ಣೆಯ ಶಾಲು, ಎಲ್ಲಾ ಹೋಗಿ ಈ ಮನುಷ್ಯನ ಹೊಟ್ಟೆ ಸೇರಿತ್ತು. "ನನ್ನ ಪಾತ್ರೆ ವಾಪಸ್ ಕೊಡು!" ಅಂತ ಒಬ್ಬಳು ಕೂಗಿದಳು. "ದೇವರ ಹತ್ರ ನಾನು ಯಾರಿಗೋಸ್ಕರ ಕೇಳ್ಕೊಂಡೆ ಹಾಗಾದ್ರೆ?" ಅಂತ ಪಾದ್ರಿಗಳು ತಮ್ಮಷ್ಟಕ್ಕೇ ಕೇಳಿಕೊಂಡರು.

ನನ್ನ ಗಳಿಗೆ ಬಂದಿತ್ತು. ನಾನು ಮಾವನ ಕುರ್ಚಿಯ ಮುಂದೆ ಹೋಗಿ ನಿಂತೆ.

"ನಾನ್ ಹೇಳ್ಲಿಲ್ವಾ ಮಾವ? ವಾರದಿಂದ ಗಂಟಲು ಹರ್ಕೊಳ್ತಿದೀನಿ! ಒಬ್ಬರಾದ್ರೂ ನಂಬಿದ್ರಾ? ಹೊಟ್ಟೆಕಿಚ್ಚಂತೆ! ಈಗ ಹೇಳಿ, ಗಾಡಿ ಯಾರಿಗೆ?"

"ಕಿರಿಚ್ಕೋಬೇಡ ವೆಂಡೆಲ್," ಅಂದರು ಮಾವ. "ನನ್ನ ಕಣ್ಣು ಮಂಜಾಗಿರೋದು, ಕಿವಿ ಅಲ್ಲ. ನನಗೆ ಮೊದಲನೇ ದಿನವೇ ಗೊತ್ತಿತ್ತು."

"ಗೊತ್ತಿತ್ತಾ!"

"ಒಂದೇ ಸಲಕ್ಕೆ ಶುರುವಾಯ್ತು. ಯಾವ ಹಳೇ ಗಾಡಿ ಹಾಗೆ ಮಾಡುತ್ತೆ?"

"ಮತ್ತೆ ಯಾಕೆ ಸುಮ್ನಿದ್ರಿ?"

"ಇವನು ಎಲ್ಲೀವರೆಗೆ ಹೋಗ್ತಾನೆ ನೋಡೋಣ ಅಂತ." ಮಾವ ಡೆಲ್ಮರನ ಕಡೆ ತಿರುಗಿದರು. "ಮೀನಿನವರೆಗೆ ಹೋದ. ನನ್ನನ್ನ ಮೆಚ್ಚಿಸೋಕೆ ಇಷ್ಟು ಕಷ್ಟ ಇದುವರೆಗೆ ಯಾರೂ ಪಟ್ಟಿಲ್ಲ."

ಡೆಲ್ಮರ್ ನೆಲ ನೋಡುತ್ತಾ ನಿಂತಿದ್ದ. ಅವನ ಬೂಟಿನ ಮೇಲೆ ಒಂದು ಬೆಕ್ಕು ಕೂತಿತ್ತು.

"ನಾನೂ ಒಂದು ಹೇಳ್ತೀನಿ ಕೇಳಿ," ಅಂದರು ಮಾವ. ಅವರು ಒಟ್ಟಿಗೆ ಇಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. "ಐವತ್ತು ವರ್ಷ ಆ ಗಾಡಿ ನನ್ನ ಬಲಗಾಲ ಬೂಟಿನ ಮೇಲೆ ಸೋರಿದೆ. ಮಳೇಲಿ ನಿಂತಿದೆ, ಚಳೀಲಿ ನಿಂತಿದೆ, ಅರ್ಡಿಸ್ ಹುಟ್ಟೋ ದಿನ ಆಸ್ಪತ್ರೆ ದಾರೀಲಿ ನಿಂತಿದೆ. ನಾನು ಅದನ್ನ ಪ್ರೀತಿಸಿದೆ, ಯಾಕಂದ್ರೆ ನನ್ನ ಹತ್ರ ಇನ್ನೊಂದು ಇರ್ಲಿಲ್ಲ. ನನಗೆ ಇಷ್ಟ ಆಗಿದ್ದು ಅದರ ರೂಪ, ಅದರ ಸದ್ದು. ಒದೆಯೋದು ಯಾವತ್ತೂ ಇಷ್ಟ ಆಗಿರ್ಲಿಲ್ಲ."

ಊರುಗೋಲು ಊರಿ ಎದ್ದರು. ಕುಂಟುತ್ತಾ ಹಸಿರು ಗಾಡಿಯ ಹತ್ತಿರ ಹೋದರು. ಟ್ಯಾಂಕಿನ ಚಿನ್ನದ ಗೆರೆಯ ಮೇಲೆ ಹೆಬ್ಬೆರಳು ಎಳೆದರು.

"ಹಳೇದು ನಿಮ್ಮಿಬ್ಬರಿಗೂ. ಶೆಡ್ಡಿನ ಬೀಗ ತೆಗೆದೇ ಇದೆ. ಜಗಳಗಂಟರಿಗೆ ಸರಿಯಾದ ಗಾಡಿ." ಕೈ ಚಾಚಿದರು. "ಕೀ ಕೊಡು, ಡೆಲ್ಮರ್."

ಎಲ್ಲ ಗೊತ್ತಾದ ಮೇಲೂ ಹೆಸರು ಹಿಡಿದೇ ಕರೆದರು! ಡೆಲ್ಮರ್ ಕೀ ಒರೆಸಿ, ಹಿಡಿ ಅವರ ಕಡೆ ಬರುವ ಹಾಗೆ ತಿರುಗಿಸಿ ಕೊಟ್ಟ.

"ಅಪ್ಪಾ, ಎಲ್ಲಿಗೆ?" ಅಂದರು ಇಬ್ಬರು ಹೆಣ್ಣುಮಕ್ಕಳೂ ಒಟ್ಟಿಗೆ.

"ನೀರಿನ ಟ್ಯಾಂಕಿನವರೆಗೆ. ಕಾಫಿ ಬಿಸಿಯಾಗಿಡಿ."

ಊರುಗೋಲನ್ನು ನನ್ನ ಕೈಗೆ ಕೊಟ್ಟು, ಕಾಲು ಎತ್ತಿ ಆಚೆ ಹಾಕಿ, ಹೆಬ್ಬೆರಳಿನಿಂದ ಗುಂಡಿ ಒತ್ತಿದರು. ಡಬ ಡಬ ಅಂತ ಒಂದೇ ಸಲಕ್ಕೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಮಾವ ನಕ್ಕರು. ಗೇಟಿನ ಹತ್ತಿರ ಎದುರು ಬಂದ ಇನ್ನೊಬ್ಬ ಸವಾರನಿಗೆ ಎಡಗೈಯ ಎರಡು ಬೆರಳು ಕೆಳಗೆ ಚಾಚಿ ನಮ್ಮವರ ಪದ್ಧತಿಯಂತೆ ನಮಸ್ಕಾರ ಹೇಳಿ, ಎಡಕ್ಕೆ ತಿರುಗಿದರು. ಏಳು ಬೆಕ್ಕುಗಳು ಗೇಟಿನವರೆಗೆ ಓಡಿ ನಿಂತವು.

ನೀರಿನ ಟ್ಯಾಂಕು ಇರುವುದು ಬಲಕ್ಕೆ.

ಮಧ್ಯಾಹ್ನದವರೆಗೆ ಕಾಫಿ ಮೂರು ಸಲ ಬಿಸಿ ಮಾಡಿದರು. ನಾಲ್ಕು ಗಂಟೆಗೆ ಹಸಮುಖ ಭಾಯಿಯ ಫೋನು ಬಡಿಯಿತು. ಮಿನ್ನೆಸೋಟಾದಲ್ಲಿ ಮೋಟೆಲ್ ಇಟ್ಟಿರುವ ಅವನ ಭಾವಮೈದ. ಒಬ್ಬರು ಮುದುಕರು ಬಂದಿದ್ದಾರೆ, ನಿನ್ನ ಹೆಸರು ಹೇಳುತ್ತಾರೆ, ಗಾಡಿಯಿಂದ ಯಾಕೋ ಮೀನಿನ ವಾಸನೆ ಬರುತ್ತದೆ. ಮಂಗಳವಾರ ದಕ್ಷಿಣ ಡಕೋಟಾದಿಂದ ಚಿಕ್ಕಪ್ಪನ ಮಗ. ಆಮೇಲೆ ಮೊಂಟಾನಾದಿಂದ ಸೋದರಳಿಯ. ಹಸಮುಖ ಭಾಯಿಗೆ ಪಡುವಣ ಸಮುದ್ರದವರೆಗೆ ನೆಂಟರಿದ್ದಾರೆ.

ಈಗ ಸೆಪ್ಟೆಂಬರ್. ಮಾವ ಬಂದಿಲ್ಲ. ನಾನೂ ಡೆಲ್ಮರನೂ ದಿನಾ ಸಂಜೆ ಶೆಡ್ಡಿನಲ್ಲಿ 1951ರ ಗಾಡಿಯನ್ನು ಸರದಿಯಂತೆ ಒದೆಯುತ್ತೇವೆ. ಅದು ಶುರುವಾಗುವುದಿಲ್ಲ. ಎಣ್ಣೆ ಮಾತ್ರ ನಮ್ಮಿಬ್ಬರ ಬೂಟಿನ ಮೇಲೂ ಸಮನಾಗಿ ಸೋರುತ್ತದೆ.

"ಭಾವ," ಅನ್ನುತ್ತಾನೆ ಡೆಲ್ಮರ್, ತನ್ನ ಸರದಿ ಬಂದಾಗಲೆಲ್ಲ, "ಮಾವ ಹೋಗುವಾಗ ನನ್ನ ಹೆಸರು ಹಿಡಿದೇ ಕರೆದ್ರಲ್ವಾ? ನಿಮಗೂ ಕೇಳಿಸ್ತಲ್ವಾ?"

"ಕೇಳಿಸ್ತು," ಅನ್ನುತ್ತೇನೆ. "ಒದಿ."